ಸೌಟಿನ ಹೆಜ್ಜೆ

ದೇವರು ಮನುಷ್ಯನಿಗೆ ಎರಡು ಕಣ್ಣು ಕೊಟ್ಟ, ಎರಡನ್ನೂ ಹೊರಗಡೆಗೇ ತಿರುಗಿಸಿಟ್ಟ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳಿದ್ದು ಅದಕ್ಕೇ. ಬೆನ್ನಿನ ಮಾತು ಹಾಗಿರಲಿ, ಕಣ್ಣೆದುರೇ ಇದ್ದ ಹೊಟ್ಟೆಯೂ ಕಾಣದೆ ಹೋದ ಒಬ್ಬ ಅಡುಗೆಯವನ ಕಥೆ ಇದು.

ಅವನು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ನಾನೂರು ಜನರಿಗೆ ಅಡುಗೆ ಮಾಡುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಅದೇ ಒಲೆ, ಅದೇ ಮೂರು ಹಂಡೆ. ಎಲ್ಲರ ಬಾಯಲ್ಲೂ ಅವನು ಸೌಟಣ್ಣ. ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಉಂಡವರ ಹೊಟ್ಟೆ ತಣ್ಣಗಿರಲಿ ಎನ್ನುವುದಷ್ಟೇ ಅವನ ಪ್ರಾರ್ಥನೆ.

ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವನು ಮತ್ತು ತಂಗಿ ಇಬ್ಬರೇ. ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಹೋದ ವರ್ಷ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅಲ್ಲಿಂದೀಚೆಗೆ ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರವೇ ಅವಳ ರಕ್ತ ತೊಳೆಯಬೇಕು. ಅಣ್ಣನ ರಕ್ತ ಅವಳಿಗೆ ಹೊಂದುತ್ತಿತ್ತು, ಒಂದು ಕಿಡ್ನಿ ಕೊಡಲು ಅವನು ತಯಾರಿದ್ದ. ಆದರೆ ಡಾಕ್ಟರಮ್ಮ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆ ಅಲ್ಲಾಡಿಸಿದರು.

"ತೊಂಬತ್ತಾರು ಕೆ.ಜಿ. ಇಷ್ಟು ಭಾರ ಹೊತ್ತವರಿಂದ ಕಿಡ್ನಿ ತಗೊಂಡ್ರೆ ಉಳಿದ ಒಂದರ ಮೇಲೆ ಹೊರೆ ಬೀಳತ್ತೆ. ಎಂಬತ್ತಾರಕ್ಕೆ ಇಳಿದು ಬನ್ನಿ. ಐದು ತಿಂಗಳು ಟೈಮ್ ಇದೆ. ಅದಕ್ಕಿಂತ ತಡ ಆದ್ರೆ ನಿಮ್ಮ ತಂಗಿಗೆ ಒಳ್ಳೇದಲ್ಲ."

ಸೌಟಣ್ಣ ಅವತ್ತೇ ಒಂದು ನೋಟ್‌ಬುಕ್ ಕೊಂಡ, ಹೆಜ್ಜೆ ಎಣಿಸುವ ಕೈಪಟ್ಟಿಯನ್ನೂ ಕೊಂಡು ಬಲಗೈಗೆ ಕಟ್ಟಿಕೊಂಡ. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಒಂದು ಬಟ್ಟಲು ಬೇಯಿಸಿದ ತರಕಾರಿ, ಸಂಜೆ ಒಂದು ಹಣ್ಣು: ಎಲ್ಲವನ್ನೂ ದುಂಡಗೆ ಬರೆದಿಟ್ಟ. ಕೈಪಟ್ಟಿ ದಿನಕ್ಕೆ ಹದಿಮೂರು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಸಂಜೆ ಅದನ್ನು ತಂಗಿಯ ಮುಖದೆದುರು ಹಿಡಿದು ಹಿಗ್ಗುತ್ತಿದ್ದ.

ತಿಂಗಳು ಕಳೆದ ಮೇಲೆ ತೂಗಿದರೆ ತೊಂಬತ್ತೇಳು.

"ಯಂತ್ರ ಕೆಟ್ಟಿದೆ" ಎಂದ ಸೌಟಣ್ಣ.

ತಂಗಿ ಕೊರಳಲ್ಲಿದ್ದ ಟೇಪು ತೆಗೆದು ಅವನ ಹೊಟ್ಟೆಗೆ ಸುತ್ತಿದಳು. "ಟೇಪೂ ಕೆಟ್ಟಿದೆ ಹಾಗಾದ್ರೆ."

"ನಮ್ಮ ವಂಶದಲ್ಲಿ ಮೂಳೆಯೇ ಭಾರ ಕಣೇ."

"ಮೂಳೆ ಅಲ್ಲಾಡಲ್ಲ ಅಣ್ಣಾ. ಇದು ಅಲ್ಲಾಡ್ತಿದೆ."

ಅವನು ನಕ್ಕ. ಆದರೆ ಅವತ್ತು ನಿದ್ದೆ ಹತ್ತಲಿಲ್ಲ. ತಾನು ಕಳ್ಳನಲ್ಲ, ಬಾಯಿ ಕಟ್ಟಿದ್ದೇನೆ, ನಡೆದಿದ್ದೇನೆ, ಆದರೂ ದೇವರು ಯಾಕೆ ಇಳಿಸುತ್ತಿಲ್ಲ? ಈ ಪ್ರಶ್ನೆಯಲ್ಲಿ ದೇವರ ಮೇಲೆ ಸ್ವಲ್ಪ ದೂರೂ ಇತ್ತು. ದೇವರು ಇಂಥ ದೂರು ದಿನಾ ಕೇಳುತ್ತಾನೆ, ಬೇಸರ ಮಾಡಿಕೊಳ್ಳುವುದಿಲ್ಲ.

ಮುಂದಿನ ವಾರ ಕ್ಯಾಂಟೀನಿನವರಿಗೆ ಹೊಸ ಏಪ್ರನ್ನುಗಳ ಅಳತೆ ತೆಗೆಯಲು ತಂಗಿ ಬೆಳಿಗ್ಗೆಯೇ ಅಲ್ಲಿಗೆ ಬಂದಳು. ಅಳತೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ಹೋಗದೆ, ಗೋಡೆ ಬದಿಯ ಸ್ಟೂಲಿನ ಮೇಲೆ ಕೂತು ಅಣ್ಣನನ್ನೇ ನೋಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತರಕಾರಿ ಹೆಚ್ಚುವ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಒಂದು ಖಾಲಿ ಪಾತ್ರೆ ತಂದು ತನ್ನ ಮಣೆಯ ಹಿಂದೆ ಇಟ್ಟುಕೊಂಡಳು.

ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಮೊದಲು ತಂಗಿ ಆ ಪಾತ್ರೆಯನ್ನು ಅವನ ಮುಂದೆ ಇಟ್ಟಳು. ಅನ್ನ, ಬೇಳೆ, ಪಲ್ಯ, ಹಾಲು ಸಕ್ಕರೆಯ ಸಿಹಿ, ಎಲ್ಲ ಕಲಸಿಹೋಗಿ ಕಂಠದವರೆಗೆ ಬಂದಿತ್ತು.

"ಇದೇನು, ನಾಯಿಗಾ?"

"ನಿಂದು. ಬೆಳಗಿಂದ ನೀನು ರುಚಿ ನೋಡಿದಾಗೆಲ್ಲ ಅಕ್ಕ ಅಷ್ಟೇ ತೆಗೆದು ಇದಕ್ಕೆ ಹಾಕಿದ್ದಾಳೆ."

"ನಲವತ್ತೊಂದು ಸಲ" ಎಂದಳು ಅಕ್ಕ, ಈರುಳ್ಳಿಯಿಂದ ತಲೆ ಎತ್ತದೆ. "ಉಪ್ಪಿಗೆ ಒಂದ್ಸಲ, ಹುಳಿಗೆ ಒಂದ್ಸಲ, ಬೆಂತಾ ಅಂತ ಒಂದ್ಸಲ. ಆಮೇಲೆ ಸುಮ್ನೆ ಒಂದ್ಸಲ."

"ರುಚಿ ನೋಡಿದ್ದು ಊಟ ಹೇಗಾಗತ್ತೆ? ಅದು ಕೆಲಸ."

"ಹೊಟ್ಟೆಗೆ ಅದು ಗೊತ್ತಿಲ್ಲವಲ್ಲ ಅಣ್ಣಾ" ಎಂದಳು ತಂಗಿ. "ಇನ್ನೊಂದು ಮಾತು. ಆ ಪಟ್ಟೀನ ನಾಳೆ ಎಡಗೈಗೆ ಕಟ್ಟಿಕೋ."

"ಯಾಕೆ?"

"ನಿಂತಲ್ಲೇ ನಿಂತು ಹಂಡೆ ತಿರುವ್ತಿದ್ದೆ. ಒಂದು ಹೆಜ್ಜೆ ಇಟ್ಟಿಲ್ಲ. ಪಟ್ಟಿಯಲ್ಲಿ ಮಾತ್ರ ಸಾವಿರ ಏರಿತು."

ಮರುದಿನ ಪಟ್ಟಿ ಎಡಗೈಗೆ ಹೋಯಿತು. ಸಂಜೆ ನೋಡಿದರೆ ಎರಡು ಸಾವಿರದ ನೂರ ನಲವತ್ತು. ಉಳಿದದ್ದೆಲ್ಲ ಸೌಟು ನಡೆದದ್ದು.

ಸೌಟಣ್ಣ ಖಾಲಿ ಹಂಡೆಗಳ ನಡುವೆ ಕೂತು ನೋಟ್‌ಬುಕ್ಕು ತಿರುವಿ ಹಾಕಿದ. ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ನಿಜವೇ, ಬರೆಯದೆ ಬಿಟ್ಟದ್ದೇ ತೂಕವಾಗಿತ್ತು. ಮನುಷ್ಯ ಇನ್ನೊಬ್ಬರಿಗೆ ಸುಳ್ಳು ಹೇಳುವಾಗ ನಾಲಿಗೆ ತೊದಲುತ್ತದೆ, ತನಗೇ ಹೇಳಿಕೊಳ್ಳುವಾಗ ಆ ತೊಂದರೆಯೂ ಇಲ್ಲ.

ಅಂದಿನಿಂದ ರುಚಿ ನೋಡುವ ಕೆಲಸ ಅಕ್ಕನಿಗೆ ಹೋಯಿತು. "ನನ್ನ ನಾಲಿಗೆಗೆ ಬಡ್ತಿ ಸಿಕ್ತು, ಸಂಬಳ ಸಿಗಲಿಲ್ಲ" ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಳು. ಮೊದಲ ವಾರ ಅವನ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಹೋದಾಗಲೆಲ್ಲ ಅದನ್ನೂ ಬರೆದ: "ಬೇಳೆ, ಒಂದು ಚಮಚ. ಬೇಕಿರಲಿಲ್ಲ." ಕ್ರಮೇಣ ಹಂಡೆಯ ಹಬೆಯ ವಾಸನೆಯಲ್ಲೇ ಉಪ್ಪು ಗೊತ್ತಾಗತೊಡಗಿತು. ಕೆಲಸ ಬಿಟ್ಟ ಮೇಲೆ ಬಸ್ಸು ಹತ್ತದೆ ಮನೆಗೆ ನಡೆದ. ಮೊದಮೊದಲು ಸೇತುವೆಯ ಕಟ್ಟೆಯ ಮೇಲೆ ಎರಡು ಸಲ ಕೂರಬೇಕಾಗುತ್ತಿತ್ತು, ಆಮೇಲೆ ಒಂದು ಸಲ, ಆಮೇಲೆ ಅಲ್ಲಿ ಕಟ್ಟೆಯಿದೆ ಎಂಬುದೇ ಮರೆತುಹೋಯಿತು. ತೊಂಬತ್ನಾಲ್ಕಾಯಿತು, ತೊಂಬತ್ತೊಂದಾಯಿತು, ಎಂಬತ್ತೆಂಟಾಯಿತು. ಅಲ್ಲಿಗೆ ಬಂದು ತೂಕ ಮೊಂಡು ಎತ್ತಿನಂತೆ ನಿಂತುಬಿಟ್ಟಿತು.

ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂತು. ರಕ್ತ ತೊಳೆಯುವ ಯಂತ್ರದಿಂದ ಎದ್ದು ಬಂದ ತಂಗಿ ಈಗೀಗ ಹೊಲಿಗೆ ಮಷೀನಿನ ಮುಂದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಅದನ್ನು ನೋಡಿ ಸೌಟಣ್ಣ ಒಂದು ಕೆಲಸ ಮಾಡಿದ. ಕೊನೆಯ ಎರಡು ದಿನ ಅನ್ನ ಮುಟ್ಟಲಿಲ್ಲ, ಒಂದು ಹನಿ ನೀರೂ ಕುಡಿಯಲಿಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ತೂಕದ ಯಂತ್ರ ಎಂಬತ್ತೈದು ಕೆ.ಜಿ. ಒಂಬೈನೂರು ಗ್ರಾಂ ತೋರಿಸಿತು.

"ಭೇಷ್" ಎಂದರು ಡಾಕ್ಟರಮ್ಮ. "ಇವತ್ತೇ ರಕ್ತ ಪರೀಕ್ಷೆ ಮಾಡಿಸೋಣ. ಎಲ್ಲ ಸರಿ ಬಂದ್ರೆ ಆಪರೇಷನ್ನಿಗೆ ದಿನ ಇಡಬಹುದು."

ತಂಗಿ ಅಣ್ಣನ ಕಡೆ ನೋಡಿದಳು. ತಿಂಗಳುಗಳ ನಂತರ ಅವಳ ಮುಖದಲ್ಲಿ ಬೆಳಕಿತ್ತು. ಸುಮ್ಮನಿದ್ದರೆ ಸಾಕಿತ್ತು, ಇನ್ನೊಂದು ಕ್ಷಣದಲ್ಲಿ ಪೆನ್ನು ಕಾಗದ ಮುಟ್ಟುತ್ತಿತ್ತು. ಸೌಟಣ್ಣನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವನು ಮನಸ್ಸಿನಲ್ಲೇ ಒಮ್ಮೆ ಕೈ ಮುಗಿದ.

"ಬರೀಬೇಡಿ ಡಾಕ್ಟರಮ್ಮ. ಎರಡು ದಿನದಿಂದ ನೀರು ಕುಡಿದಿಲ್ಲ. ಇದು ನನ್ನ ತೂಕ ಅಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಈ ಒಣ ರಕ್ತ ಪರೀಕ್ಷೆಗೆ ಕೊಟ್ಟಿದ್ರೆ ಏನಾಗ್ತಿತ್ತು ಗೊತ್ತಾ? ನಿಮ್ಮ ಕಿಡ್ನಿಯೇ ಸರಿಯಿಲ್ಲ ಅಂತ ಬರಬಹುದಿತ್ತು. ಆಮೇಲೆ ನಿಮ್ಮದು ಬೇಡ ಅಂತಿದ್ದೆ." ಆಮೇಲೆ ದನಿ ಇಳಿಸಿದರು. "ಮೊದಲು ನೀರು ಕುಡೀರಿ. ಮೂರು ವಾರ ಬಿಟ್ಟು ಬನ್ನಿ, ಹೊಟ್ಟೆಗೆ ತಿಂದುಕೊಂಡು ಬನ್ನಿ. ಇನ್ನಷ್ಟು ದಿನ ಇವರು ತಡ್ಕೋತಾರೆ, ನಾನು ನೋಡ್ಕೋತೀನಿ."

ಹೊರಗಿನ ಬೆಂಚಿನ ಮೇಲೆ ಅಣ್ಣ ತಲೆ ತಗ್ಗಿಸಿ ಕೂತ. ತಂಗಿ ನಲ್ಲಿಯಿಂದ ಬಾಟಲಿ ತುಂಬಿ ತಂದಳು. ಕಿಡ್ನಿ ಕೆಟ್ಟ ಮೇಲೆ ಅವಳಿಗೆ ದಿನಕ್ಕೆ ಅಳೆದ ಮೂರೇ ಲೋಟ ನೀರು. ಬೇಸಿಗೆಯಲ್ಲೂ ಅಷ್ಟೇ. ಬಾಯಾರಿದರೆ ತುಟಿ ಒದ್ದೆ ಮಾಡಿಕೊಂಡು ಸುಮ್ಮನಾಗಬೇಕು.

"ಬೈಯಲ್ವಾ?" ಎಂದ.

"ಬೈತೀನಿ, ಮನೆಗೆ ಹೋಗಿ. ಕೇಳೋಕೆ ನಿನ್ನಲ್ಲಿ ಜೀವ ಬೇಕಲ್ಲ. ಮೊದಲು ಇದು ಖಾಲಿ ಮಾಡು."

ಅವನು ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದ. ತಂಗಿ ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದಳು, ಆ ನೀರು ತನ್ನೊಳಗೂ ಇಳಿಯುತ್ತಿದೆಯೋ ಎಂಬಂತೆ.

"ನಿಧಾನ ಅಣ್ಣಾ" ಎಂದಳು. "ಮೂರು ವಾರ ಇದೆ."