ಮೀನಕ್ಕ ಬರೆದುಕೊಡದ ಸಾಲು

ಮೀನಕ್ಕನ ಅಂಗಡಿಗೆ ಹೋದವರು ಮೀನು ನೋಡುವ ಮೊದಲು ವಿಚಾರಣೆಗೆ ನಿಲ್ಲಬೇಕಾಗಿತ್ತು. ಯಾವ ಮೀನು ಬೇಕೆಂದು ಅವಳು ಕೇಳುತ್ತಿರಲಿಲ್ಲ, “ಈಗ ಯಾರ್ಯಾರಿದ್ದಾರೆ?” ಎಂದು ಕೇಳುತ್ತಿದ್ದಳು. ಹೊಸಬರು ಹೆಂಡತಿ, ಎರಡು ಮಕ್ಕಳು, ಅತ್ತೆ ಎಂದು ಮನೆಯವರ ಪಟ್ಟಿ ಒಪ್ಪಿಸಲು ಹೊರಟರೆ, ಮುಖದ ಒಂದು ಗೆರೆಯನ್ನೂ ಸಡಿಲಿಸದೆ, “ಟ್ಯಾಂಕಲ್ಲಿ ಯಾರಿದ್ದಾರೆ ಅಂತ ಕೇಳಿದ್ದು” ಎನ್ನುತ್ತಿದ್ದಳು. ಉತ್ತರ ಸಮರ್ಪಕವೆನಿಸದಿದ್ದರೆ ಬಲೆ ಮೊಳೆಗೆ ತೂಗುಬಿದ್ದಂತೆಯೇ ಇರುತ್ತಿತ್ತು. ಗಿರಾಕಿ ಬಂದ ದಾರಿ ಹಿಡಿಯುತ್ತಿದ್ದ.

ಅವಳ ನಿಜವಾದ ಹೆಸರು ಏನೆಂದು ಕೇಳಿದವರನ್ನು ನಾನು ಕಂಡಿಲ್ಲ. ಎರಡು ಸಾಲು ಗಾಜಿನ ತೊಟ್ಟಿಗಳ ನಡುವೆ, ಒಬ್ಬರು ನೆಟ್ಟಗೆ ನಿಂತರೆ ಇನ್ನೊಬ್ಬರಿಗೆ ಎಡೆಯಿಲ್ಲದ ಓಣಿಯಲ್ಲಿ ಮೂವತ್ತು ವರ್ಷ ಅಡ್ಡಡ್ಡಲಾಗಿ ನಡೆದು ನಡೆದು, ವಿಶಾಲವಾದ ರಸ್ತೆಯಲ್ಲೂ ಅವಳು ಎಡಭುಜವನ್ನು ಮುಂದುಮಾಡಿ, ಕಾಣದ ಯಾರನ್ನೋ ತಾಕದಂತೆ ದಾಟುವವಳ ಹಾಗೆ ನಡೆಯುತ್ತಿದ್ದಳು. ಮೈಮೇಲೆ ಸದಾ ತಂದೆಯ ಕಂದುಬಣ್ಣದ ಉದ್ದ ಕೋಟು. ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ಆತ ನಿವೃತ್ತಿಯ ನಂತರ ಈ ಅಂಗಡಿ ತೆರೆದು, ಮಗಳಿಗೂ ಮಗನಿಗೂ ಸಮನಾಗಿ ಬಿಟ್ಟುಹೋಗಿದ್ದ. ಕೋಟಿನ ಬಲತೋಳು ನೀರು ಕುಡಿದು ಕುಡಿದು ಮೊಣಕೈವರೆಗೆ ಬಣ್ಣಗೆಟ್ಟು, ಬೇರೊಂದು ಕೋಟಿನಿಂದ ಕತ್ತರಿಸಿ ಹೊಲಿದಂತೆ ಕಾಣುತ್ತಿತ್ತು.

ಅವಳ ವಿದ್ಯೆ ಸಹವಾಸದ ವಿದ್ಯೆ. ಯಾವ ಮೀನು ಎಷ್ಟು ಚೆಂದ ಎಂಬುದರಲ್ಲಿ ಅವಳಿಗೆ ಕುತೂಹಲವೇ ಇರಲಿಲ್ಲ. ಯಾವುದರ ಬಾಯಿ ಎಷ್ಟಗಲ, ಯಾವುದರ ಬಾಲ ಎಷ್ಟುದ್ದ, ಯಾವುದಕ್ಕೆ ನೀರು ಬೆಚ್ಚಗಿರಬೇಕು, ಯಾವುದಕ್ಕೆ ತಣ್ಣಗಿರಬೇಕು, ಇಷ್ಟರಲ್ಲೇ ಅವಳ ಜಗತ್ತು. ಬೆರಳಿನ ಗಿಣ್ಣಿನಷ್ಟುದ್ದದ, ಮೈಮೇಲೆ ನೀಲಿಯ ಗೆರೆ ಹೊಳೆಯುವ ನಿಯಾನ್ ಟೆಟ್ರಾಗಳನ್ನು ಆರಕ್ಕಿಂತ ಕಡಿಮೆ ಕೇಳಿದವರಿಗೆ ಕೊಡುತ್ತಿರಲಿಲ್ಲ; ಒಂಟಿಯಾದರೆ ಅವು ಗಿಡದ ಹಿಂದೆ ಅಡಗಿ, ಹೆದರಿಕೆಯಲ್ಲೇ ಸೊರಗುತ್ತವೆ ಎಂಬುದು ಅವಳ ವಾದ. ಮಗಳ ಹುಟ್ಟುಹಬ್ಬಕ್ಕೆ ಬಣ್ಣಕ್ಕೊಂದರಂತೆ ಹತ್ತು ಮೀನು ಬೇಕೆಂದು ಬಂದ ವಕೀಲರೊಬ್ಬರು, ಹೆಚ್ಚು ಮಾರುವ ಉಪಾಯವಿದೆಂದು ತಿಳಿದು ಅರ್ಧ ಗಂಟೆ ವಾದಿಸಿದರು. ಮೀನಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಮಗಳಿಗೆ ಬಣ್ಣದ ಪೆನ್ಸಿಲ್ ಕೊಡ್ಸಿ ಸಾರ್, ಒಂದನ್ನೊಂದು ಕಚ್ಚಲ್ಲ” ಎಂದಳು. ನನ್ನ ಪಾಡೂ ಬೇರೆಯಾಗಿರಲಿಲ್ಲ. ಅವಳ ಪರೀಕ್ಷೆಗೆಂದು ಬಾಟಲಿಯಲ್ಲಿ ನಮ್ಮ ತೊಟ್ಟಿಯ ನೀರು ತುಂಬಿಕೊಂಡು ಮೂರು ವಾರ ಅಲೆದ ಮೇಲೆ ನನಗೆ ಆರು ಟೆಟ್ರಾ ದಕ್ಕಿದವು.

ಅವಳ ತಮ್ಮನನ್ನು ನೋಡಿದರೆ ಅವಳ ಬೆನ್ನಿಗೆ ಹುಟ್ಟಿದವನೆಂದು ಯಾರೂ ನಂಬುವಂತಿರಲಿಲ್ಲ. ಮೃದುಭಾಷಿ, ಹಸನ್ಮುಖಿ, ಗಿರಾಕಿಯ ಬೆರಳು ಎತ್ತ ತೋರಿದರೆ ಅತ್ತ ಅವನ ಬಲೆ. “ಕೇಳಿದ್ದು ಕೊಡೋಣ ಅಕ್ಕ, ಸಾಕೋದು ಅವರು” ಎನ್ನುತ್ತಿದ್ದ. ಅಕ್ಕ ಇದ್ದಾಗ ಅವಳ ನ್ಯಾಯ, ಅಕ್ಕ ಇಲ್ಲದಾಗ ಅವನ ನ್ಯಾಯ. ಹೀಗೆ ಅಂಗಡಿ ಎರಡು ಕಾಲಿನಲ್ಲಿ ಕುಂಟುತ್ತಾ ಸಾಗಿತ್ತು.

ಆ ವರ್ಷ ಮಕ್ಕಳ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಮೀನಕ್ಕನನ್ನು ಹುಡುಕಿಕೊಂಡು ಬಂದರು. ವಾರವಾರವೂ ರಕ್ತ ಹಾಕಿಸಿಕೊಳ್ಳಲು ಬರುವ ಮಕ್ಕಳು ಕಾಯುವ ಕೋಣೆಗೆ ಒಂದು ತೊಟ್ಟಿ ಬೇಕಿತ್ತು. ಸೂಜಿಯ ಸರದಿಗೆ ಕೂತ ಮಕ್ಕಳು ನೋಡುವುದಕ್ಕೆ ಅಲ್ಲಿ ಗೋಡೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಮೀನಕ್ಕ ಒಪ್ಪಿದಳು. ಗಿಡ ನೆಟ್ಟು, ನೀರು ತುಂಬಿ, ಹದಕ್ಕೆ ಬರಲೆಂದು ಐದು ವಾರ ಒಂದೇ ಒಂದು ಮೀನೂ ಬಿಡದೆ ಕಾದಳು. “ನೀರು ನೋಡೋಕೆ ಟ್ಯಾಂಕ್ ಹಾಕಿಸಿದ್ವಾ?” ಎಂದು ಆಸ್ಪತ್ರೆಯ ಆಡಳಿತಾಧಿಕಾರಿ ಗೊಣಗಿದಾಗ, “ಹೌದು” ಎಂದಷ್ಟೇ ಹೇಳಿದಳು. ಆಮೇಲೆ ಹದಿನೆಂಟು ಟೆಟ್ರಾ ಬಂದವು. ಅವುಗಳ ಕೆಳಗೆ, ಮರಳನ್ನು ಮೀಸೆಯಿಂದ ಸೋಸುತ್ತಾ ಓಡಾಡುವ, ಕೋರಿ ಎಂಬ ಎಂಟು ಪುಟ್ಟ ಮೀನುಗಳು. ಯಾರೂ ಯಾರ ತಂಟೆಗೂ ಹೋಗದ ಸಂಸಾರ. ಎಂಟು ವರ್ಷದ ಹುಡುಗಿಯೊಬ್ಬಳು ಬಂದಾಗಲೆಲ್ಲ ಗಾಜಿಗೆ ಮೂಗು ಒತ್ತಿ ಎಣಿಸುತ್ತಿದ್ದಳಂತೆ. ಒಮ್ಮೆ ಹದಿನಾರು, ಒಮ್ಮೆ ಇಪ್ಪತ್ತೊಂದು. ಸೋಮವಾರ ನೀರು ಬದಲಿಸಲು ಹೋದಾಗ ಮೀನಕ್ಕನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸುತ್ತಿದ್ದಳು. ಇಬ್ಬರ ಲೆಕ್ಕವೂ ತಾಳೆಯಾಗುತ್ತಿರಲಿಲ್ಲ. ಆ ಕೂತ ಭಂಗಿಯಲ್ಲಿ ಅವಳು ನಗುವುದನ್ನು ನೋಡಿದ್ದೇನೆಂದು ನರ್ಸ್ ನನ್ನೊಡನೆ ಹೇಳಿದ್ದಾರೆ, ನಾನು ನೋಡಿಲ್ಲ.

ಆ ಕೋಣೆಗೆ ಹೊಸ ಕುರ್ಚಿಗಳನ್ನು ದಾನ ಮಾಡಿದ ಕಟ್ಟಡದ ಗುತ್ತಿಗೆದಾರನಿಗೆ ಈ ಮೀನುಗಳು ಸೊಳ್ಳೆಮರಿಗಳಂತೆ ಕಂಡವು. ಫೋಟೋದಲ್ಲಿ ಕಾಣುವಂಥದ್ದು ಏನಾದರೂ ಇರಬೇಕೆಂದು ಆತ ನೇರವಾಗಿ ಅಂಗಡಿಗೇ ಬಂದ. ಮೀನಕ್ಕ ಬೇರೊಂದು ಕಚೇರಿಯ ತೊಟ್ಟಿ ತೊಳೆಯಲು ಹೋಗಿದ್ದಳು. ಅಂಗಡಿಯಲ್ಲಿದ್ದ ತಮ್ಮನು ಅಂಗೈಯಗಲದ, ಕಪ್ಪು ಮೈಮೇಲೆ ಕೆಂಡದಂಥ ಮಚ್ಚೆಗಳಿದ್ದ ಎರಡು ಆಸ್ಕರ್ ಮೀನುಗಳನ್ನು ಕೊಟ್ಟು ಕಳಿಸಿದ. ಶನಿವಾರ ಸಮಾರಂಭ. ಚಪ್ಪಾಳೆಯ ನಡುವೆ ದಾನಿಯ ಕೈಯಿಂದಲೇ ಅವು ನೀರಿಗಿಳಿದವು. ಭಾನುವಾರ ಆ ಕೋಣೆಗೆ ಬೀಗ.

ಸೋಮವಾರ ಬೆಳಿಗ್ಗೆ ನರ್ಸ್ ಫೋನ್ ಮಾಡಿದರು. ಮೀನಕ್ಕ ಹೋಗಿ ನೋಡಿದಾಗ ಟೆಟ್ರಾ ಒಂದೂ ಉಳಿದಿರಲಿಲ್ಲ, ಕೋರಿಗಳೂ ಕಾಣಲಿಲ್ಲ. ದೊಡ್ಡ ಮೀನುಗಳಲ್ಲಿ ಒಂದು ಬಾಯಿ ತೆರೆದು ಮಗ್ಗುಲಾಗಿ ಬಿದ್ದಿತ್ತು. ನುಂಗಿದ ಕೋರಿಯ ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಿ, ತಿಂದದ್ದೂ ತಿನ್ನಿಸಿಕೊಂಡದ್ದೂ ಒಟ್ಟಿಗೇ ಸತ್ತಿದ್ದವು. ಇನ್ನೊಂದು ಮೀನು ಹೊಟ್ಟೆ ಉಬ್ಬಿಸಿಕೊಂಡು, ಖಾಲಿ ನೀರಿನಲ್ಲಿ ಯಜಮಾನನಂತೆ ತಿರುಗುತ್ತಿತ್ತು. ಮಕ್ಕಳೆಲ್ಲ ಹೊಸ ಕುರ್ಚಿಗಳಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಎಣಿಸುವ ಹುಡುಗಿ ಎದ್ದು ಬಂದಳು.

“ಈ ದೊಡ್ಡ ಮೀನು ನಿಮ್ಮದಾ ಆಂಟಿ?”

ನಾನು ಬಿಟ್ಟದ್ದಲ್ಲ ಎಂದು ಮೀನಕ್ಕ ಹೇಳಬಹುದಿತ್ತು. ಬಲೆಯನ್ನು ನೀರಿಗಿಳಿಸುತ್ತಾ, “ಹೌದು ಪುಟ್ಟಿ, ನಮ್ಮ ಅಂಗಡಿಯದ್ದು” ಎಂದಳು.

“ನಿಮಗೆ ಗೊತ್ತಿರ್ಲಿಲ್ವಾ, ಇದು ತಿನ್ನುತ್ತೆ ಅಂತ?”

ಮೀನಕ್ಕ ಸತ್ತ ಮೀನನ್ನು ಬಲೆಯಲ್ಲಿ ಎತ್ತಿಕೊಂಡಳೆಂದು ನರ್ಸ್ ಹೇಳುತ್ತಾರೆ. ಅಂಗಡಿಗೆ ಮರಳಿ ತಮ್ಮನನ್ನು ಕೇಳಿದ್ದು ಒಂದೇ ಮಾತು: “ಎಲ್ಲಿಗೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಸಣ್ಣವನ್ನ ತಿಂತಾವೆ ಅಂತಾನೂ ಹೇಳ್ದೆ. ತಿಂದ್ರೆ ಬೇರೆ ತರ್ಸೋಣ ಅಂದ್ರು. ಇಲ್ಲ ಅನ್ನೋಕೆ ಈ ಅಂಗಡಿಗೆ ನೀನೊಬ್ಳು ಸಾಕು ಅಕ್ಕ.”

ಆ ವಾರದಲ್ಲೇ ಅವನು ತನ್ನ ಪಾಲಿನ ತೊಟ್ಟಿಗಳನ್ನು ಹೊರಿಸಿಕೊಂಡು ಮುಖ್ಯರಸ್ತೆಯಲ್ಲಿ ಬೇರೆ ಅಂಗಡಿ ಇಟ್ಟ. ಆಸ್ಪತ್ರೆಯಲ್ಲಿ ದಾನಿಯ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಸರಬರಾಜು ಮಾಡಿದವರ ಅಜಾಗರೂಕತೆಯಿಂದ ಮೀನುಗಳು ಸತ್ತವೆಂದು ಆಡಳಿತಾಧಿಕಾರಿಯ ಪತ್ರ ಬಂತು. ತಪ್ಪು ತನ್ನದೆಂದು ಮೀನಕ್ಕ ಬರೆದುಕೊಟ್ಟರೆ ತೊಟ್ಟಿಯನ್ನು ಮತ್ತೆ ತುಂಬಬಹುದು, ಇಲ್ಲವಾದರೆ ಇಲ್ಲ.

ನರ್ಸ್ ಅಂಗಡಿಗೆ ಬಂದ ದಿನ ನಾನು ಅಲ್ಲೇ ಇದ್ದೆ.

“ಒಂದು ಸಾಲು ಬರ್ಕೊಟ್ಬಿಡಿ ಅಕ್ಕ. ತಪ್ಪು ನಿಮ್ಮದಲ್ಲ ಅಂತ ನಮಗೆಲ್ಲ ಗೊತ್ತು.”

“ಗೊತ್ತಿರೋರು ನೀವೇ ಬರೀರಿ.”

“ನನ್ನ ಕೆಲಸ ಹೋಗುತ್ತೆ.”

ಮೀನಕ್ಕ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ನರ್ಸ್ ದನಿ ತಗ್ಗಿಸಿ, “ಆ ಹುಡುಗಿ ಈಗಲೂ ಟ್ಯಾಂಕ್ ಮುಂದೆಯೇ ಕೂತ್ಕೊಳ್ತಾಳೆ” ಎಂದರು.

ಮೀನಕ್ಕ ಗಾಜಿನ ಕಡೆ ತಿರುಗಿ, ಆಗಲೇ ಒರೆಸಿದ್ದ ಜಾಗವನ್ನು ಮತ್ತೆ ಒರೆಸಿದಳು. “ಬರೆಯಲ್ಲ.”

ಆಗ ನಾನು ಬಾಯಿ ಹಾಕಿದೆ. ಒಂದು ಸಾಲು ತಾನೇ, ಮಕ್ಕಳ ಮುಖ ನೋಡಿಯಾದರೂ ಬರೆಯಬಾರದೇ ಎಂದೆ. ಮಗುವಿನ ಎದುರು ತಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡ ತಪ್ಪನ್ನು ಕಾಗದದ ಮೇಲೆ ಏಕೆ ಒಲ್ಲಳೆಂಬುದು ಆ ಹೊತ್ತಿಗೆ ನನಗೆ ಅರ್ಥವಾಗಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. “ನಿಮಗೆ ಬೇಕಾದ್ದೆಲ್ಲ ಮೇನ್ ರೋಡಲ್ಲಿ ಸಿಗುತ್ತೆ ಸಾರ್” ಎಂದಳು. ನಾನು ಅಲ್ಲಿಗೇ ಹೋದೆ. ತಮ್ಮ ನಗುನಗುತ್ತಾ ನಾನು ಕೇಳಿದ್ದನ್ನು ಕೊಟ್ಟ. ಆಮೇಲೆ ಆ ಹಳೆಯ ಅಂಗಡಿಯ ಮೆಟ್ಟಿಲು ಹತ್ತಲು ನನಗೆ ಮುಖವಿರಲಿಲ್ಲ.

ಆಸ್ಪತ್ರೆಯ ತೊಟ್ಟಿ ಕೆಲವು ತಿಂಗಳು ಒಣಗಿ ನಿಂತು, ಹಳೆಯ ರಿಜಿಸ್ಟರುಗಳನ್ನು ಪೇರಿಸಿಡುವ ಜಾಗವಾಯಿತು. ಮರುವರ್ಷ ಮೀನಕ್ಕನ ತಮ್ಮನೇ ಅಲ್ಲಿ ದೊಡ್ಡದೊಂದು ತೊಟ್ಟಿ ಕೂರಿಸಿದ. ಮೇಲೆ ದಾನಿಯ ಹೆಸರಿನ ಹಿತ್ತಾಳೆ ಫಲಕ. ಅಷ್ಟರಲ್ಲಿ ಎಣಿಸುವ ಹುಡುಗಿ ಬರುವುದು ನಿಂತಿತ್ತು. ಮೀನಕ್ಕ ಒಂದು ಸೋಮವಾರ ಆಸ್ಪತ್ರೆಯ ಬಾಗಿಲಿಗೆ ಹೋಗಿ, ಹುಡುಗಿ ಗುಣವಾಗಿ ಬರುವುದು ನಿಲ್ಲಿಸಿದಳೋ ಹೇಗೆ ಎಂದು ವಿಚಾರಿಸಿದಳಂತೆ. ರೋಗಿಗಳ ವಿಷಯ ಹೊರಗಿನವರಿಗೆ ಹೇಳುವಂತಿಲ್ಲವೆಂದು ಕೌಂಟರಿನಲ್ಲಿ ಉತ್ತರ ಸಿಕ್ಕಿತು. ಅಲ್ಲಿಯೇ ಬಹಳ ಹೊತ್ತು ನಿಂತಿದ್ದು ಹೊರಟುಹೋದಳೆಂದು ನರ್ಸ್ ಹೇಳಿದರು. ಅವರೂ ಆ ದಿನ ಕಾರಿಡಾರಿನ ತುದಿಯಲ್ಲಿದ್ದೂ ಎದುರಾಗಲಿಲ್ಲ.

ಅನಾಹುತಕ್ಕೆ ಮುಂಚೆಯೇ ಬೇಡವೆನ್ನುವ ಇಂಥವರಿಗೆ ಲೋಕ ಎಂದೂ ಕೃತಜ್ಞವಾಗುವುದಿಲ್ಲ. ಏಕೆಂದರೆ ಅವರು ತಪ್ಪಿಸಿದ್ದು ಯಾವುದೂ ನಡೆಯುವುದೇ ಇಲ್ಲ, ನಡೆಯದೇ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಮಾತು ಮೀರಿ ಅನಾಹುತವಾದ ದಿನ ಮಾತ್ರ ಎಲ್ಲರಿಗೂ ಅವರ ವಿಳಾಸ ನೆನಪಾಗುತ್ತದೆ, ಹೊರೆ ಹೊರಿಸಲು. ಹೀಗೆ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಂಡವರ ಕೈಯಲ್ಲಿ ಕೊನೆಗೆ ಉಳಿಯುವುದು ತಾವು ಸರಿಯೆಂಬ ಒಂದೇ ಒಂದು ಸ್ವತ್ತು. ಅದನ್ನು ಅವರು ಅಳುವ ಮಗುವಿನ ಸಲುವಾಗಿಯೂ ಬಿಟ್ಟುಕೊಡರು. ಆಗ ನಾವು ಅವರನ್ನು ಕಲ್ಲೆದೆಯವರು ಎನ್ನುತ್ತೇವೆ. ಹಾಗೆನ್ನುವುದು ಸುಲಭ, ಅವರ ಪಕ್ಕದಲ್ಲಿ ನಿಂತು, ತಪ್ಪು ಅವರದಲ್ಲವೆಂದು ಒಂದು ಸಾಲು ನಾವೇ ಬರೆದುಕೊಡಬಹುದಾಗಿದ್ದ ದಿನ ನಮಗೆಲ್ಲ ಬೇರೆ ಕೆಲಸವಿತ್ತು.