ಮೂರನೇ ಲಾರಿಯ ಹದಿನೈದು ಲೀಟರ್

೧

ಎಲ್ಲಿಂದ ಶುರು ಮಾಡಲಿ? ಸಿಮೆಂಟಿಗೆ ನೀರು ಬಿದ್ದ ಗಳಿಗೆಯಿಂದ ಎನ್ನುತ್ತಾಳೆ ಎಂಜಿನಿಯರ್ ರುಬಾ. ಕುರಿ ಕೊಯ್ದ ಗಳಿಗೆಯಿಂದ ಎನ್ನುತ್ತಾನೆ ಮನೆಯ ಯಜಮಾನ ಹಾಜಿ ಸಲಾಮೆ. ಎರಡನ್ನೂ ಬರೆದು ನೋಡಿದೆ. ಮೊದಲನೆಯದು ಪಠ್ಯಪುಸ್ತಕವಾಯಿತು. ಎರಡನೆಯದನ್ನು ಓದಿ ನನಗೇ ಹಸಿವಾಗಿ, ಎದ್ದು ಹೋಗಿ ಊಟ ಮಾಡಿ ಬಂದೆ. ಎರಡನ್ನೂ ಹರಿದು ಹಾಕಿದ್ದೇನೆ.

(ನಾನು ಯಾರು ಅಂತೀರಾ? ಅಮ್ಮಾನಿನಿಂದ ದಕ್ಷಿಣಕ್ಕೆ, ಕತ್ರಾನಾದ ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟಿನಲ್ಲಿ ಹದಿನಾಲ್ಕು ವರ್ಷದಿಂದ ಲಾರಿಗಳಿಗೆ ಚೀಟಿ ಬರೆದುಕೊಡುವವನು. ಕಥೆಗಾರ ಎಂದು ಹೇಳಿಕೊಳ್ಳುವುದು ಇತ್ತೀಚಿನ ಚಾಳಿ.)

೨

ಭಾನುವಾರ ಬೆಳಿಗ್ಗೆ ರುಬಾ ಹಾಜಿ ಸಲಾಮೆಯ ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಂಕ್ರೀಟಿಗೆ ಹೆಬ್ಬೆರಳು ಒತ್ತಿದಳು. ಬೆರಳಿನ ಗುರುತು ಮೂಡಿತು. ಗುರುವಾರ ಹಾಕಿದ ತಾರಸಿ, ಆಗಸ್ಟ್ ತಿಂಗಳ ಬಿಸಿಲು; ಮೂಡಬಾರದು. ಮೊದಲೆರಡು ಲಾರಿಯ ಭಾಗ ಕಲ್ಲಾಗಿತ್ತು. ಮೂರನೇ ಲಾರಿಯದು ಮಾತ್ರ ನಾದಿಟ್ಟ ಹಿಟ್ಟಿನಂತಿತ್ತು.

ಪ್ಲಾಂಟಿನ ಮ್ಯಾನೇಜರ್ ಅವಳ ಕೈಗೆ ಒಂದು ಫಾರಂ ಕೊಟ್ಟಿದ್ದ. ಕಾರಣ ಏನು, ಹೊಣೆ ಯಾರದು, ಕಾಯಬೇಕೋ ಒಡೆಯಬೇಕೋ. ಸೋಮವಾರ ಮಧ್ಯಾಹ್ನದೊಳಗೆ ಉತ್ತರ ಬೇಕು, ಇಲ್ಲವೇ ಒಡೆಯುವ ಯಂತ್ರ ಹೊರಡುತ್ತದೆ. ಕೆಳಗಿನ ಕೋಣೆಯಲ್ಲಿ ಹಾಜಿಯ ವಿಧವೆ ತಂಗಿ, ಈ ತಾರಸಿಯ ಮೇಲ್ಮನೆಗೆ ಹೋಗಲೆಂದೇ ಕಟ್ಟಿಟ್ಟ ಗಂಟುಗಳ ನಡುವೆ ಕೂತಿದ್ದಳು.

೩ (ಬೇಸರವಾದರೆ ಹಾರಿಸಿಕೊಂಡು ಹೋಗಿ)

ಕಾಂಕ್ರೀಟ್ ಎಂದರೆ ಸಿಮೆಂಟು, ಮರಳು, ಜಲ್ಲಿ, ನೀರು ಅಷ್ಟೇ ಅಂದುಕೊಂಡಿದ್ದೀರಿ. ಅಲ್ಲ ಸ್ವಾಮಿ, ಐದನೆಯದೂ ಒಂದಿದೆ. ಕ್ಯಾನುಗಳಲ್ಲಿ ಬರುವ ಕಂದು ಬಣ್ಣದ ದ್ರವಗಳು, ಅಡ್ಮಿಕ್ಸ್ಚರ್. ಒಂದು, ನೀರು ಕಡಿಮೆ ಹಾಕಿದರೂ ಕಾಂಕ್ರೀಟು ಸರಾಗ ಹರಿಯುವಂತೆ ಮಾಡುತ್ತದೆ. ಇನ್ನೊಂದು, ಚಳಿಗಾಲದಲ್ಲಿ ಬೇಗ ಗಟ್ಟಿಯಾಗಲಿ ಎಂದು ಅವಸರ ಹಚ್ಚುತ್ತದೆ. ಒಳಗೆ ಸಣ್ಣ ಗಾಳಿಗುಳ್ಳೆ ಬಿಟ್ಟು ಹಿಮಕ್ಕೆ ಒಡೆಯದಂತೆ ಕಾಯುವುದುಂಟು, ನೀರು ಇಳಿಯದಂತೆ ತಡೆಯುವುದುಂಟು. ನಮ್ಮ ಕಥೆಗೆ ಬೇಕಾದದ್ದು ನಿಧಾನಿಸುವ ದ್ರವ: ಬಿಸಿಲಲ್ಲಿ, ದೂರದ ದಾರಿಯಲ್ಲಿ, ಕಾಂಕ್ರೀಟಿಗೆ ಸ್ವಲ್ಪ ತಾಳು ಎನ್ನುವಂಥದ್ದು. ಎಂಟು ಘನ ಮೀಟರಿನ ಲಾರಿಗೆ ಏಳು ಲೀಟರ್ ಸಾಕು. ಹತ್ತಾದರೂ ನಡೆಯುತ್ತದೆ. ಅದಕ್ಕೂ ಹೆಚ್ಚಾದರೆ ಕಾಂಕ್ರೀಟು ದಿನಗಟ್ಟಲೆ ಮಲಗಿಬಿಡುತ್ತದೆ. ಒದ್ದೆಯಾಗಿಟ್ಟು ಕಾದರೆ ಸಾಮಾನ್ಯವಾಗಿ ಎದ್ದೀತು. ಎಷ್ಟು ಬಿದ್ದಿದೆ ಎಂದು ಗೊತ್ತಿದ್ದರೆ ಮಾತ್ರ ಎಷ್ಟು ಕಾಯಬೇಕೆಂದು ಹೇಳಬಹುದು.

(ನನ್ನ ಕಥೆಗೂ ಅವಸರದ ದ್ರವ ಒಂದಿಷ್ಟು ಹಾಕೋಣ ಎಂದುಕೊಂಡೆ. ಬೇಡ, ಬಿರುಕು ಬಿಡುತ್ತದೆ.)

೪

ಕರಕ್ ಕಡೆಯ ಹಳ್ಳಿಗಳಲ್ಲಿ ತಾರಸಿ ಹಾಕುವ ದಿನ ಕುರಿ ಕೊಯ್ಯದಿದ್ದರೆ, ಕೆಲಸಕ್ಕೆ ಬಂದವರು ಅನ್ನದ ಮೇಲೆ ಕುರಿಮಾಂಸ ಬಡಿಸುವ ಮನ್ಸಫ್ ಉಣ್ಣದೆ ಹೋದರೆ, ಆ ಮನೆಯವರು ತಲೆ ಎತ್ತಿಕೊಂಡು ತಿರುಗುವಂತಿಲ್ಲ. ಗುರುವಾರ ಹನ್ನೊಂದರ ಹೊತ್ತಿಗೆ ಹಾಜಿ ಪ್ಲಾಂಟಿಗೆ ಫೋನ್ ಮಾಡಿದ.

"ಮಗಳೇ ರುಬಾ, ನಿನ್ನ ಮೂರನೇ ಲಾರಿ ಸರಿಯಾಗಿ ಊಟದ ಹೊತ್ತಿಗೆ ಬರತ್ತೆ. ಅನ್ನ ಆರಿದ್ರೆ ನನ್ನ ಮಾನ ಹೋಗತ್ತೆ. ನಿನ್ನ ಸಿಮೆಂಟಿಗೆ ಒಂದು ಗಂಟೆ ತಡ್ಕೋ ಅಂತ ಹೇಳಮ್ಮ."

ರುಬಾ ನಕ್ಕು ಆ ಲಾರಿಯ ಏಳು ಲೀಟರನ್ನು ಹತ್ತು ಮಾಡಿದಳು. ಮಿತಿಯೊಳಗೇ ಇತ್ತು. ಆದರೆ ಯಾರಿಗೂ ಹೇಳಲಿಲ್ಲ. ಚೀಟಿಯಲ್ಲಿ ನಾನು ಎಂದಿನಂತೆ ಏಳು ಬರೆದೆ. ಅವಳು ತಿದ್ದಿಸಲಿಲ್ಲ, ನಾನು ಕೇಳಲಿಲ್ಲ.

೫

ಆ ಲಾರಿಯ ಚಾಲಕ ನವ್ವಾಫ್. ಐವತ್ತಾರು ವಯಸ್ಸು, ಬಿಳಿ ಮೀಸೆ. ಈ ಭಾಗದಲ್ಲಿ ಅವನು ತಾನಾಗಿಯೇ ತಪ್ಪೊಪ್ಪಿಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದೆ. ಅವನು ಒಪ್ಪಲಿಲ್ಲ.

"ಯಾಕೆ ಒಪ್ಕೋಬೇಕು?"

"ಕಥೆ ಮುಂದೆ ಹೋಗ್ಬೇಕಲ್ಲ ನವ್ವಾಫ್."

"ನಿನ್ನ ಕಥೆ ಮುಂದೆ ಹೋದ್ರೆ ನಾನು ಮನೆಗೆ ಹೋಗ್ತೀನಿ. ಇಪ್ಪತ್ಮೂರು ವರ್ಷ ಆಯ್ತು ಸ್ಟಿಯರಿಂಗ್ ಹಿಡಿದು. ನೀನು ನೆರಳಲ್ಲಿ ಕೂತು ಚೀಟಿ ಹರಿಯೋನು, ನಿನಗೇನಪ್ಪ ಗೊತ್ತು?"

"ಅಲ್ಲಿ ಏನಾಯ್ತು ಅಂತಾದ್ರೂ ಹೇಳು."

"ಹಾಜಿ ಲಾರಿ ಬಾಗಿಲಿಗೆ ಅಡ್ಡ ನಿಂತ್ಕೊಂಡ. ಇವತ್ತು ನೀನು ಉಣ್ಣದೆ ಕಾಂಕ್ರೀಟ್ ಇಳಿಸಿದ್ರೆ ನನ್ನ ಹೆಂಡ್ತಿಗೆ ತಲಾಕ್ ಅಂತ ಆಣೆ ಹಾಕ್ದ. ಮೂವತ್ತೆಂಟು ವರ್ಷದ ಸಂಸಾರ ಕಣಯ್ಯಾ, ನನ್ನ ಒಂದು ತುತ್ತಿನ ಮೇಲೆ ನಿಂತಿತ್ತು! ನಾನೇನ್ ಮಾಡ್ಲಿ?"

ಏನು ಮಾಡಿದನೆಂದು ಅವನು ಹೇಳಲಿಲ್ಲ. ನಾನು ಹೇಳುತ್ತೇನೆ: ಊಟ ಮುಗಿಯುವವರೆಗೆ ಮಾಲು ಗಟ್ಟಿಯಾಗದಿರಲೆಂದು, ಚಾಲಕರೆಲ್ಲ ಸೀಟಿನ ಹಿಂದೆ ಇಟ್ಟುಕೊಳ್ಳುವ ನಿಧಾನಿಸುವ ದ್ರವದ ಐದು ಲೀಟರ್ ಕ್ಯಾನನ್ನು ಲಾರಿಯ ಡ್ರಮ್ಮಿಗೆ ಬಗ್ಗಿಸಿ, ತಿರುಗಲು ಬಿಟ್ಟು, ಕೈ ತೊಳೆದು ಊಟಕ್ಕೆ ಕೂತ. ಅವನ ಲೆಕ್ಕಕ್ಕೆ ಏಳು ಮತ್ತು ಐದು ಹನ್ನೆರಡು. ಡ್ರಮ್ಮಿನೊಳಗಿದ್ದದ್ದು ಹದಿನೈದು.

೫ (ಮತ್ತೊಮ್ಮೆ; ಮೇಲಿನದು ನನಗೆ ತೃಪ್ತಿಯಾಗಿಲ್ಲ, ಆದರೂ ಇರಲಿ)

ಈಗ ಓದುಗರಿಗೆ ನನಗಿಂತ ಚೆನ್ನಾಗಿ ಲೆಕ್ಕ ಗೊತ್ತು. ನವ್ವಾಫ್ ಬಾಯಿ ಬಿಟ್ಟು, ರುಬಾ ಬಿಡದಿದ್ದರೆ ಫಾರಂನಲ್ಲಿ ಹನ್ನೆರಡು ಬರುತ್ತದೆ. ಹನ್ನೆರಡು ಲೀಟರಿನ ಕಾಂಕ್ರೀಟು ಎರಡು ದಿನ ಮಲಗಿದರೂ ಇಷ್ಟು ಹೊತ್ತಿಗೆ ಗಟ್ಟಿಯಾಗಬೇಕಿತ್ತು. ಆಗಿಲ್ಲವೆಂದರೆ ಮಾಲೇ ಕೆಟ್ಟಿದೆ, ಒಡೆಯಿರಿ ಎನ್ನುತ್ತಾನೆ ಮ್ಯಾನೇಜರ್. ತಾರಸಿಯೂ ಹೋಗುತ್ತದೆ, ನವ್ವಾಫನ ಕೆಲಸವೂ ಹೋಗುತ್ತದೆ. ರುಬಾಳಿಗೆ ಏನೂ ಆಗುವುದಿಲ್ಲ. ರುಬಾ ಕೆಟ್ಟವಳಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವಳು, ಎಲ್ಲಿ ಎಡವುತ್ತಾಳೋ ಎಂದು ನಮ್ಮ ಪ್ಲಾಂಟಿನಲ್ಲಿ ಅರ್ಧಕ್ಕರ್ಧ ಜನ ಕಾದು ಕೂತಿದ್ದಾರೆ.

೬

ಸೋಮವಾರ ಬೆಳಿಗ್ಗೆ ಅವಳು ತಾರಸಿ ಹತ್ತಿದಾಗ ನವ್ವಾಫ್ ಅಲ್ಲಿದ್ದ. ಗೋಣಿತಾಟು ಹಾಸಿ, ಮೆತ್ತಗಿದ್ದ ಭಾಗಕ್ಕೆ ಪೈಪಿನಿಂದ ನೀರು ಬಿಡುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. (ನಾನೂ ಹೇಳಿರಲಿಲ್ಲ. ನನ್ನ ಕರಡಿನಲ್ಲಿ ಅವನು ಆ ಹೊತ್ತಿಗೆ ಅಮ್ಮಾನಿನ ದಾರಿಯಲ್ಲಿರಬೇಕಿತ್ತು.)

"ಎಷ್ಟು ಹಾಕಿದ್ರಿ, ಚಿಕ್ಕಪ್ಪ?" ಎಂದಳು. ಹಿರಿಯ ಚಾಲಕರೆಲ್ಲ ಅವಳಿಗೆ ಚಿಕ್ಕಪ್ಪಂದಿರೇ.

"ಏನು ಎಷ್ಟು?"

"ನಿಮ್ಮ ಕ್ಯಾನಿಂದ. ಹೇಳಿದ್ರೆ ಈ ಮನೆ ಉಳಿಯತ್ತೆ. ಇಲ್ಲಾಂದ್ರೆ ಮಧ್ಯಾಹ್ನ ಒಡೆಯೋಕೆ ಬರ್ತಾರೆ."

ನವ್ವಾಫ್ ಪೈಪು ಕೆಳಗಿಟ್ಟ. "ಐದು. ಇಡೀ ಕ್ಯಾನು. ಬರ್ಕೋ, ನನ್ನ ಹೆಸರು ಬರ್ಕೋ."

ಕಾಫಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ ಹಾಜಿಗೆ ಇದೆಲ್ಲ ಕೇಳಿಸಿತ್ತು.

"ಯಾಕೋ ಹಾಕ್ದೆ?"

"ನೀನು ಆಣೆ ಹಾಕ್ದೆಯಲ್ಲ ಹಾಜಿ! ನಾನು ಉಣ್ಣದೇ ಇದ್ದಿದ್ರೆ ನಿನ್ನ ಹೆಂಡ್ತಿ ಈ ವಯಸ್ನಲ್ಲಿ ಎಲ್ಲಿಗೆ ಹೋಗ್ಬೇಕಿತ್ತು?"

ಹಾಜಿ ತಟ್ಟೆಯನ್ನು ಗೋಡೆಯ ಮೇಲಿಟ್ಟ. "ಹಾಗಾದ್ರೆ ತಪ್ಪು ನನ್ದು. ಮಗಳೇ, ಅವನ ಹೆಸರು ಬೇಡ, ನನ್ನ ಹೆಸರು ಬರಿ."

"ಅದ್ಹೆಂಗೆ? ಕ್ಯಾನು ಬಗ್ಗಿಸಿದ ಕೈ ನಂದು."

"ಕೈ ನಿಂದಾದ್ರೆ ಅನ್ನ ನಂದು. ನನ್ನ ಮನೇಲಿ ಉಂಡೋನ ತಲೆ ಮೇಲೆ ತಪ್ಪು ಹೊರಿಸ್ತೀನಾ? ಬರಿಯಮ್ಮ, ಸಲಾಮೆ ಅಂತ ಬರಿ!"

"ಬರೀಬೇಡ! ನವ್ವಾಫ್ ಅಂತ ಬರಿ!"

ಇಬ್ಬರೂ ಫಾರಂನ ಒಂದೊಂದು ತುದಿ ಹಿಡಿದು ಎಳೆಯತೊಡಗಿದರು. ನಮ್ಮೂರ ಹೋಟೆಲುಗಳಲ್ಲಿ ಬಿಲ್ಲಿಗೆ ಹೀಗೆ ಕಿತ್ತಾಡುವುದನ್ನು ದಿನಾ ನೋಡುತ್ತೇನೆ. ಗಂಭೀರವಾದ ದೃಶ್ಯವೊಂದನ್ನು ಬರೆಯಲು ಕೂತವನ ಗತಿ ಇದು.

೭

ಇಲ್ಲಿ ಮೂರು ಅಂತ್ಯಗಳು ನನ್ನ ಬಳಿ ಇದ್ದವು. ಅ) ರುಬಾ ನವ್ವಾಫನ ಹೆಸರು ಬರೆಯುತ್ತಾಳೆ. ಆ) ಹಾಜಿಯ ಹೆಸರು ಬರೆಯುತ್ತಾಳೆ. ಇ) ಫಾರಂ ಹರಿದುಹೋಗುತ್ತದೆ, ಎಲ್ಲರೂ ನಗುತ್ತಾರೆ. ಮೂರನೆಯದು ನನಗೆ ಇಷ್ಟವಾಗಿತ್ತು. ಅವಳಿಗೂ ಸೂಚಿಸಿದೆ.

"ನಕ್ಕುಬಿಟ್ರೆ ಹನ್ನೆರಡು ಹದಿನೈದಾಗತ್ತಾ?" ಎಂದಳು ರುಬಾ ನನಗೆ. ಆಮೇಲೆ ಅವರಿಬ್ಬರ ಕಡೆ ತಿರುಗಿ, ಮೆಲ್ಲಗೆ ಹೇಳಿದಳು:

"ಕಾಗದ ಬಿಡಿ. ನಾನೂ ಮೂರು ಹೆಚ್ಚಿಗೆ ಹಾಕಿದ್ದೆ. ಗುರುವಾರಾನೇ. ಯಾರಿಗೂ ಹೇಳ್ಲಿಲ್ಲ. ಹದಿನೈದಾಗಿದೆ, ಇನ್ನೂ ಮೂರು ದಿನ ಕಾಯ್ಬೇಕು."

ಹಾಜಿ ಕಾಗದ ಬಿಟ್ಟ. ನವ್ವಾಫನೂ ಬಿಟ್ಟ. ಅವನು ಬೈಯುತ್ತಾನೆಂದು ನಾನು ಪೆನ್ನು ಸಿದ್ಧವಾಗಿಟ್ಟುಕೊಂಡೆ. ಅವನು ಬೈಯಲಿಲ್ಲ.

"ನನ್ನಿಂದಾನೇ ಅಂದ್ಕೊಂಡು ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ಮಗಳೇ," ಎಂದ.

೮

ಕಾಂಕ್ರೀಟು ಗಟ್ಟಿಯಾಯಿತೇ? ಮ್ಯಾನೇಜರ್ ಮೂರು ದಿನ ಕಾದನೇ? ಯಾರ ಕೆಲಸ ಉಳಿಯಿತು? ಕೇಳಿ, ತಪ್ಪಿಲ್ಲ. ಆ ಪುಟಗಳನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ನವ್ವಾಫನ ಆ ಒಂದು ಮಾತಿಗೆ ರುಬಾ ಏನು ಉತ್ತರ ಕೊಡಬೇಕೆಂದು ಆರು ಬಗೆಯಲ್ಲಿ ಬರೆದು ನೋಡಿದೆ. ಕ್ಷಮೆ ಕೇಳಿಸಿದೆ, ಕಣ್ಣೀರು ಹಾಕಿಸಿದೆ, ಮಿತಿಯೊಳಗೇ ಇತ್ತು ಎಂದೂ ಹೇಳಿಸಿದೆ. ಒಂದನ್ನೂ ಅವಳು ಬಾಯಿಗೆ ತಂದುಕೊಳ್ಳಲಿಲ್ಲ. ನನಗೆ ನಿಜವಾಗಿ ನೋವಾಯಿತು, ಅದಕ್ಕೇ ಇಲ್ಲಿಗೆ ಕೈಬಿಟ್ಟೆ. ಅವಳು ಇನ್ನೂ ತಾರಸಿಯ ಮೇಲೆ, ಅವನ ಎದುರಿಗೇ ನಿಂತಿದ್ದಾಳೆ.