ಸಮಿತಿ ಕೂತ ದಿನ

"ಏ ಲೌಡಿ, ಆ ಒಡೆದ ಮೂತಿ ಹೊತ್ಕೊಂಡು ಗೇಟಿನ ಮುಂದೆ ಯಾಕೆ ನಿಂತಿದೀಯೇ? ತಪಾಸಣೆಯವರಿಗೆ ಆರತಿ ಎತ್ತಕ್ಕಾ?"

ಯೂನಿವರ್ಸಿಟಿಯ ಆಡಳಿತಾಧಿಕಾರಿ ಸುಧಾಕರನ ಬಾಯಿ ಬೆಳಿಗ್ಗೆಯೇ ಬಿಚ್ಚಿಕೊಂಡಿತ್ತು. ಸೆಲ್ವಿ ಮಾಪಿನ ಕೋಲು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಅವಳ ಮೇಲ್ತುಟಿ ಬದನೆಕಾಯಿಯ ಹಾಗೆ ಊದಿತ್ತು. ಮುಂದಿನ ಹಲ್ಲೊಂದು ಅರ್ಧಕ್ಕೇ ಮುರಿದಿತ್ತು.

"ಬಿದ್ದಿದ್ದಲ್ಲ ಸಾರ್, ಬೀಳ್ಸಿದ್ದು," ಅಂದಳು. ಹಲ್ಲಿನ ಸಂದಿಯಿಂದ ಮಾತಿನ ಜೊತೆ ಗಾಳಿಯೂ ಬಂತು.

"ಮತ್ತೆ ಅದೇ ಪುರಾಣ. ಫಿನಾಯಿಲ್ ಚೆಲ್ಲಿತ್ತು, ಜಾರಿದೆ, ಬಿದ್ದೆ. ಮುಗೀತು. ಲೇ ಸೊಣ್ಣಪ್ಪ, ಇವಳನ್ನ ಸ್ಟೋರ್ ರೂಮಿಗೆ ಹಾಕಿ ಬೀಗ ಜಡಿ. ತಪಾಸಣೆಯವರು ಹೋಗೋವರೆಗೂ ಈ ದರಿದ್ರ ಮುಖ ನನಗೆ ಕಾಣಬಾರದು."

ಅಟೆಂಡರ್ ಸೊಣ್ಣಪ್ಪ ಬೀಗದ ಕೈ ಕುಲುಕಿಸುತ್ತಾ ಬಂದ. ಸೆಲ್ವಿ ತನ್ನ ಜೊತೆ ಕಸ ಗುಡಿಸುವ ಆದಿಲಕ್ಷ್ಮಮ್ಮನ ಕಡೆ ತಿರುಗಿದಳು. "ಪಾರ್ತಿಯಾ ಪೆರಿಯಮ್ಮಾ, ನೋಡ್ದಾ ದೊಡ್ಡಮ್ಮಾ? ಜೈಲಿಗೆ ಓಗ್ಬೇಕಾದೋನು ಏಸಿ ರೂಮ್ನಾಗೆ ಕೂತವ್ನೆ, ನಂಗೆ ಬೀಗ!"

ಆದಿಲಕ್ಷ್ಮಮ್ಮ ಬಕೆಟ್ಟು ಎತ್ತಿಕೊಂಡಳು, ಅಷ್ಟೆ. ಗೇಟಿನ ಪಕ್ಕದಲ್ಲಿ ಹೊಸದಾಗಿ ನಿಲ್ಲಿಸಿದ್ದ ಫಲಕದಲ್ಲಿ ಬಿಳೀ ಪಾರಿವಾಳವೊಂದು ರೆಕ್ಕೆ ಬಿಚ್ಚಿತ್ತು. ಅದರ ಕೆಳಗೆ 'ಅಪರಾಧಮುಕ್ತ ಆವರಣ' ಎಂದು ಬರೆದು, ಈ ವರ್ಷದ ಪ್ರಕರಣಗಳು ಎಂಬಲ್ಲಿ ಉದ್ದಿನವಡೆಯಷ್ಟು ದಪ್ಪನೆಯ ಸೊನ್ನೆ ಹಾಕಿದ್ದರು. ಆ ವಡೆಯನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸಿ ಹೊಳೆಯಿಸುವುದು ಆದಿಲಕ್ಷ್ಮಮ್ಮನ ಪಾಲಿನ ಕೆಲಸ.

ಸಂಗತಿ ಕಳೆದ ವಾರದ್ದು. ಕೆಮಿಸ್ಟ್ರಿ ಲ್ಯಾಬು ಒರೆಸಲು ಹೋದ ಸೆಲ್ವಿಯನ್ನು ಲ್ಯಾಬಿನ ಉಸ್ತುವಾರಿ ವಿಜಯಕುಮಾರ ಬಾಗಿಲು ಹಾಕಿಕೊಂಡು ಹಿಡಿದಿದ್ದ. ಅವನು ಯೂನಿವರ್ಸಿಟಿ ಕಟ್ಟಿದ ಯಜಮಾನರ ಹೆಂಡತಿಯ ತಮ್ಮ. ಸೆಲ್ವಿ ಅವನ ಕೈ ಕಚ್ಚಿದಳು. ಅವನು ತಳ್ಳಿದ ರಭಸಕ್ಕೆ ಕಲ್ಲಿನ ಮೇಜಿನ ಅಂಚು ಅವಳ ಬಾಯಿಗೆ ಬಡಿಯಿತು. ರಕ್ತ ಸುರಿಸಿಕೊಂಡೇ ಆಫೀಸಿಗೆ ಹೋದವಳಿಗೆ ಸುಧಾಕರ ಬುದ್ಧಿ ಹೇಳಿದ್ದ. ಪೊಲೀಸು ಗಿಲೀಸು ಅಂದರೆ ನಾಳೆಯಿಂದ ಗೇಟ್ ಪಾಸ್ ಇಲ್ಲ. ಹೆಣ್ಣುಮಕ್ಕಳ ದೂರು ಕೇಳೋದಕ್ಕೆ ಅಂತ ಕಾನೂನಿನ ಪ್ರಕಾರ ಸಮಿತಿ ಇದೆ, ಹೇಳೋದಿದ್ದರೆ ಅಲ್ಲಿ ಹೇಳು.

"ಎಲ್ಲೈತೆ ಸಾರ್ ಅದು?"

"ಕೂತಾಗ ಹೇಳ್ತೀನಿ."

ಅಂದಿನಿಂದ ಸೆಲ್ವಿ ಆಫೀಸಿನ ಮುಂದೆ ಹಾದುಹೋಗುವಾಗಲೆಲ್ಲ ಇಣುಕಿ, "ಕೂತ್ಕಂತಾ ಸಾರ್?" ಅನ್ನುವಳು. ಅವನು, "ಇಲ್ಲ ನಡಿ," ಅನ್ನುವನು. ಈ ಸುದ್ದಿ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಕೆಲಸಕ್ಕೆ ಬರುವ ಹೆಂಗಸರ ಬಾಯಿಗೆ ಬಿದ್ದು ಅವಲಕ್ಕಿಯಾಗಿತ್ತು. ಚಾಂಪಿಯನ್ ಸ್ಟೇಷನ್ನಿನಲ್ಲಿ ಆದಿಲಕ್ಷ್ಮಮ್ಮ, ಸೆಲ್ವಿ ಹತ್ತುತ್ತಿದ್ದಂತೆ, ಹಿಂದಿನ ನಿಲ್ದಾಣದಲ್ಲೇ ಹತ್ತಿ ಕಿಟಕಿ ಹಿಡಿದಿರುತ್ತಿದ್ದ ಆಂಡರ್ಸನ್‌ಪೇಟೆಯ ಕಲಾ ಕೂಗುವಳು: "ಏನಮ್ಮೀ, ನಿಮ್ ಸಮಿತಿಗೆ ಮೂಲವ್ಯಾಧಿನೇನೇ? ಕೂರಾಕೇ ಆಗಲ್ವಂತಲ್ಲ!" ಬಂಗಾರಪೇಟೆ ಬರುವವರೆಗೂ ಬೋಗಿಯೆಲ್ಲ ನಗು. ಸೆಲ್ವಿಯೂ ನಗುವಳು, ಊದಿದ ತುಟಿಗೆ ಸೆರಗು ಒತ್ತಿಕೊಂಡು.

ಆದಿಲಕ್ಷ್ಮಮ್ಮ ಮಾತ್ರ ಕೇಳಿಸಿಕೊಳ್ಳುವಳು. ಅವಳಿಗೆ ಬಾಯಿ ಕಡಿಮೆ, ಕಿವಿ ಹೆಚ್ಚು. ತವರೂರ ಗುಡಿಯಲ್ಲಿ ಶ್ರಾವಣದ ಸಂಜೆಗಳಲ್ಲಿ ಪದ್ಯ ಓದಿ ಅರ್ಥ ಹೇಳುತ್ತಿದ್ದರು. ಇವರ ಕೇರಿಯವರು ಒಳಗೆ ಕಾಲಿಡುವಂತಿರಲಿಲ್ಲ. ಅಪ್ಪನ ಪಕ್ಕ ಹಿಂಗೋಡೆಗೆ ಕಿವಿಯಾನಿಸಿ ಕೂರುತ್ತಿದ್ದಳು. ದೇವರು ಗೋಡೆಯ ಆಚೆಗಿದ್ದರೂ ಪದ್ಯ ಈಚೆಗೂ ಬರುತ್ತಿತ್ತು. ಅದನ್ನು ತಡೆಯುವ ತಾಕತ್ತು ಗೋಡೆಗಿರಲಿಲ್ಲ. ಸಭೆಯಲ್ಲಿ ಹಿರಿಯರೆಲ್ಲ ತಲೆ ತಗ್ಗಿಸಿ ಕೂತ ಭಾಗ ಬಂದಾಗ ಅಪ್ಪ ಗೋಡೆಗೆ ಹಣೆ ಚಚ್ಚಿಕೊಂಡು, "ಒಬ್ಬನಾದ್ರೂ ಬಾಯಿ ಬಿಡಬಾರ್ದಾ, ಮುಂಡೇವಾ!" ಅನ್ನುತ್ತಿದ್ದ. ಅವಳಿಗೆ ಆ ಬೈಗುಳವೂ ಪದ್ಯದ ಜೊತೆಗೇ ಬಾಯಿಪಾಠ.

ಸೊಣ್ಣಪ್ಪ ಸ್ಟೋರಿಗೆ ಬೀಗ ಹಾಕಿ ಬರುವಷ್ಟರಲ್ಲಿ ಆಫೀಸಿನಲ್ಲಿ ಸುಧಾಕರ ಫೋನಿಗೆ ಬಾಯಿ ಬಡಿದುಕೊಳ್ಳುತ್ತಿದ್ದ. "ಇವತ್ತೇನಾ ಮೇಡಮ್ ನಿಮ್ಮ ಸೊಸೆ ಸೀಮಂತ? ನಾಳೆ ಇಟ್ಕೊಳ್ಳಿ! ಹೊರಗಿನ ಸದಸ್ಯರು ಒಬ್ಬರು ಇರಲೇಬೇಕು ಅಂತ ನಿಯಮ... ಹಲೋ? ಹಲೋ?"

ಫೋನು ಇಟ್ಟವನ ಕಣ್ಣಿಗೆ ಬಾಗಿಲ ಬಳಿ ನೆಲ ಒರೆಸುತ್ತಿದ್ದ ಆದಿಲಕ್ಷ್ಮಮ್ಮ ಬಿದ್ದಳು. ನರೆತ ತಲೆ, ಕಾಸಗಲ ಕುಂಕುಮ, ಬಗ್ಗಿದರೂ ಬಗ್ಗದ ಬೆನ್ನು. ಅವನು ಅವಳ ಸುತ್ತ ಒಂದು ಸುತ್ತು ಹಾಕಿದ, ಸಂತೆಯಲ್ಲಿ ಹಸು ನೋಡುವವನಂತೆ.

"ಅಂಬಿಕಾ ಮೇಡಮ್, ನಿಮ್ಮ ರೂಮಲ್ಲಿ ರೇಷ್ಮೆ ಸೀರೆ ಇದೆಯಾ?"

ಅಂಬಿಕ ಹಾಸ್ಟೆಲ್ ವಾರ್ಡನ್ನು, ಹೆಸರಿಗೆ ಸಮಿತಿಯ ಅಧ್ಯಕ್ಷೆಯೂ ಹೌದು. ನೇರಳೆ ಬಣ್ಣದ ಸೀರೆ ಬಂತು. ರವಿಕೆ ಬೆನ್ನಿಗೆ ಸಾಲದೆ ಪಿನ್ನುಗಳಿಂದ ಜೋಡಿಸಿದರು. ಮೂಗಿನ ಮೇಲೆ ಯಾರದೋ ಕನ್ನಡಕ ಕೂತಿತು. ಅದನ್ನು ಹಾಕಿದ ಮೇಲೆ ಆದಿಲಕ್ಷ್ಮಮ್ಮನಿಗೆ ನೆಲ ಎಲ್ಲಿದೆಯೆಂದೇ ತಿಳಿಯಲಿಲ್ಲ.

"ನೋಡೇ... ನೋಡಿ ಆದಿಲಕ್ಷ್ಮಿ ಮೇಡಮ್," ಸುಧಾಕರ ಏಕವಚನವನ್ನು ಕಷ್ಟಪಟ್ಟು ನುಂಗಿದ. "ಇವತ್ತು ನೀವು ಸಮಾಜಸೇವಕಿ. ಒಂದು ಮೀಟಿಂಗ್ ಇದೆ, ಸುಮ್ನೆ ಕೂತ್ಕೊಳ್ಳಿ. ಏನು ಕೇಳಿದ್ರೂ 'ಎಲ್ಲ ಚೆನ್ನಾಗಿದೆ' ಅನ್ನಿ. ಬೇರೆ ಬಾಯಿ ಬಿಡಬೇಡಿ."

"ಊಂ," ಅಂದಳು ಆದಿಲಕ್ಷ್ಮಮ್ಮ.

"ಇವಳಿಗೆ ಬಾಯೇ ಇಲ್ಲ ಬಿಡಿ, ಧೈರ್ಯವಾಗಿರಿ," ಅಂದಳು ಅಂಬಿಕ.

ಕಾನ್ಫರೆನ್ಸ್ ಹಾಲಿನ ಚಕ್ರದ ಕುರ್ಚಿ ಅವಳು ಕೂತೊಡನೆ ಹಿಂದಕ್ಕೆ ಓಡಿತು. ಸೊಣ್ಣಪ್ಪ ಹಿಡಿದು ನಿಲ್ಲಿಸಿದ. ಆಮೇಲೆ ಹೂವಿನ ಕಪ್ಪಿನಲ್ಲಿ ಟೀ ತಂದಿಟ್ಟು, ಸೊಂಟ ಬಗ್ಗಿಸಿ, "ಸಕ್ಕರೆ ಸಾಕಾ ಮೇಡಮ್?" ಎಂದು ಕಣ್ಣು ಹೊಡೆದ.

"ಓಗಲಾ, ನಿನ್ ಮಕಕ್ಕೆ!" ಎಂದು ಅವಳು ಪಿಸುಗುಟ್ಟಿದಳು. ಅದೇ ಕಪ್ಪನ್ನು ದಿನಾ ತೊಳೆಯುವವಳು ಅವಳೇ. ಅದರಲ್ಲಿ ಕುಡಿಯುವುದು ಮಾತ್ರ ಅಂದೇ ಮೊದಲು.

ಯೂನಿವರ್ಸಿಟಿಗೆ ದರ್ಜೆ ಕೊಡಲು ಬಂದ ತಪಾಸಣೆಯವರು ಇಬ್ಬರು. ಒಬ್ಬರು ಬೇರೆ ರಾಜ್ಯದ ವಯಸ್ಸಾದ ಪ್ರೊಫೆಸರು. ಕನ್ನಡ ಬಾರದು, ಗೋಡಂಬಿ ಬರುತ್ತಿತ್ತು. ತಟ್ಟೆ ಅವರ ಮುಂದೆಯೇ ಇತ್ತು. ಇನ್ನೊಬ್ಬರು ಶಿವಮೊಗ್ಗದ ಕಡೆಯ ಮೇಡಮ್. ಪೆನ್ನು ತೆರೆದುಕೊಂಡು ಕೂತಿದ್ದರು.

"ಈ ವರ್ಷ ಎಷ್ಟು ದೂರು ಬಂದಿವೆ?"

"ಸೊನ್ನೆ ಮೇಡಮ್," ಅಂದ ಸುಧಾಕರ, ಮಗ ಮೊದಲ ರ‍್ಯಾಂಕ್ ಬಂದ ಅನ್ನುವವನ ಹಾಗೆ.

"ಒಂದೂ ಇಲ್ವಾ? ಇಷ್ಟು ಜನ ಇರೋ ಕಡೆ?"

"ನಮ್ಮ ಸಂಸ್ಕೃತಿ ಹಾಗಿದೆ ಮೇಡಮ್."

ಮೇಡಮ್ ಆದಿಲಕ್ಷ್ಮಮ್ಮನ ಕಡೆ ತಿರುಗಿದರು. "ಹೊರಗಿನ ಸದಸ್ಯರು ನೀವೇ ಅಲ್ವಾ? ಹೆಣ್ಣುಮಕ್ಕಳು ನಿಮ್ಮ ಹತ್ತಿರ ಬಂದು ಧೈರ್ಯವಾಗಿ ದೂರು ಹೇಳ್ತಾರಾ? ಈ ಸಮಿತಿ ಇರೋದೇ ಅದಕ್ಕಲ್ವಾ."

ಆದಿಲಕ್ಷ್ಮಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಈಗ ಎಲ್ಲರ ಮುಖವೂ ಸರಿಯಾಗಿ ಕಂಡಿತು.

"ಇದೇನಾ ತಾಯಿ ಆ ಸಮಿತಿ? ಎಣ್ಮಕ್ಕಳ ದೂರು ಕೇಳಾದು?"

"ಹೌದು... ನೀವೇ ಅದರ ಸದಸ್ಯರು."

"ಅಂಗಾದ್ರೆ ಕೂತೈತೆ ಅನ್ನಿ!"

"ಏನು?"

"ಸಮಿತಿ. ಕೂರಲ್ಲ, ಕೂರಲ್ಲ ಅಂತಿದ್ರು. ನನ್ ಕುಂಡೆ ಕೆಳಗೇ ಐತಲ್ಲ!" ಅವಳು ಬಾಗಿಲ ಕಡೆ ತಿರುಗಿದಳು. "ಲೇ ಸೊಣ್ಣಪ್ಪ, ಸೆಲ್ವಿನ ಕರ್ಕಂಬಾರಲಾ. ಒಂದು ದೂರೈತೆ ತಾಯಿ."

ಸೊಣ್ಣಪ್ಪ ಸುಧಾಕರನ ಮುಖ ನೋಡಿದ, ನೇರಳೆ ಸೀರೆಯ ಕಡೆ ನೋಡಿದ. "ಆಯ್ತು ಮೇಡಮ್," ಅಂದವನೇ ಹೊರಟ. ಈ ಸಲ ಕಣ್ಣು ಹೊಡೆಯಲಿಲ್ಲ.

"ಮೇಡಮ್, ಇವರಿಗೆ ಸ್ವಲ್ಪ ಹುಷಾರಿಲ್ಲ," ಸುಧಾಕರ ಎದ್ದು ನಿಂತ. "ಇವರು... ಇವಳು..."

"ಯೇಳು ಸಾಮಿ, ನಾನ್ಯಾರು?" ಆದಿಲಕ್ಷ್ಮಮ್ಮನ ದನಿ ಹರಟೆಗೆ ಕೂತವಳಂತೆ ತಣ್ಣಗಿತ್ತು. "ಕಸ ಗುಡ್ಸೋಳು ಅಂದ್ರೆ ನಿನ್ ಸಮಿತಿ ಸುಳ್ಳು. ಮೇಡಮ್ಮು ಅಂದ್ರೆ ಆ ವಿಜಯಕುಮಾರನ ಮೇಲಿನ ದೂರು ನಿಜ. ಯಾವ್ದು ಬೇಕೋ ಆರಿಸ್ಕೋ."

ಅಂಬಿಕ ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟಳು. ಕನ್ನಡ ಬಾರದ ಪ್ರೊಫೆಸರಿಗೂ ಏನೋ ಅರ್ಥವಾಗಿ, ಬಾಯಿಗೆ ಹೊರಟ ಗೋಡಂಬಿ ಅರ್ಧದಲ್ಲೇ ನಿಂತಿತು.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಸುಧಾಕರನ ತಲೆ ಕೆಟ್ಟಿತು. ಬಗ್ಗಿ ಆದಿಲಕ್ಷ್ಮಮ್ಮನ ಕಿವಿಯಲ್ಲಿ ಹೇಳಬೇಕೆಂದಿದ್ದವನ ದನಿ ಹಾಲಿನ ಮೂಲೆ ಮೂಲೆಗೂ ಹೋಯಿತು.

"ಏ ಬೇವರ್ಸಿ ಮುಂಡೆ, ಬಿಚ್ಚಾಕೇ ಆ ಸೀರೇನ! ಬಿಚ್ಚಾಕಿ ಎದ್ದು ತೊಲಗೇ ಇಲ್ಲಿಂದ!"

ಆಡಿದ ಮಾತು ಅವನ ಕಿವಿಗೇ ತಡವಾಗಿ ಬಿತ್ತು. ಅಂಬಿಕ ತನ್ನ ಸೆರಗನ್ನು ತಾನೇ ಬಿಗಿಹಿಡಿದುಕೊಂಡಳು.

ಆದಿಲಕ್ಷ್ಮಮ್ಮ ಅವನ ಕಡೆ ನೋಡಲೂ ಇಲ್ಲ. "ಬರ್ಕೊಳ್ಳಿ ತಾಯಿ," ಅಂದಳು. "ತುಂಬಿದ ಸಭೇಲಿ ಸೀರೆ ಬಿಚ್ಚು ಅಂದ. ಒಂದಿತ್ತು, ಈಗ ಎರಡಾಯ್ತು."

ಬಾಗಿಲಲ್ಲಿ ಸೆಲ್ವಿ ನಿಂತಿದ್ದಳು. ಮೇಡಮ್ ಅವಳ ಮುಖ ನೋಡಿದರು. ಪ್ರೊಫೆಸರ ಕಡೆ ನೋಡಿದರು. ಪ್ರೊಫೆಸರು ಗಡಿಯಾರ ನೋಡಿದರು.

"ಇದು... ನಮ್ಮ ವ್ಯಾಪ್ತಿಗೆ ಬರುತ್ತೋ ಇಲ್ವೋ..." ಮೇಡಮ್ ಪೆನ್ನಿನ ಮುಚ್ಚಳಕ್ಕಾಗಿ ತಡಕಾಡಿದರು. "ಊಟ ಆದ ಮೇಲೆ ಯೋಚನೆ ಮಾಡೋಣ."

ಆದಿಲಕ್ಷ್ಮಮ್ಮ ಎದ್ದಳು. ಬೆನ್ನಿನ ಪಿನ್ನೊಂದು ಕಿತ್ತು ಎಲ್ಲೋ ಹಾರಿತು. ಚಕ್ರದ ಕುರ್ಚಿಯನ್ನು ಉರುಳಿಸಿಕೊಂಡು ಹೋಗಿ, ಸೆಲ್ವಿಯನ್ನು ಒಳಗೆಳೆದುಕೊಂಡು, ಹಾಲಿಗಿದ್ದ ಒಂದೇ ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಕುರ್ಚಿ ಓಡದಂತೆ ಎರಡೂ ಬರಿಗಾಲನ್ನು ನೆಲಕ್ಕೆ ಊರಿದಳು.

"ಊಟ ಎಲ್ಲಿಗೂ ಓಗಲ್ಲ ತಾಯಿ, ಪಾಯ್ಸ ಇನ್ನೂ ಕುದೀತೈತೆ," ಅಂದಳು. "ನೀವು ಬರೆಯಾಗಂಟ ಸಮಿತಿ ಏಳಾಕಿಲ್ಲ. ಸೆಲ್ವಿ, ಶುರು ಮಾಡವ್ವಾ. ಮೆಲ್ಲಕೆ ಯೇಳು, ಅವರಿಗೆ ಬರ್ಕೊಳಾಕಾಗ್ಬೇಕು."